ಗೂಬೆ ಗುರುತಿನ ಕಂಪ್ಯೂಟರ್: ನಲವತ್ತು ವರ್ಷದ ಮೇಲೆ ಮತ್ತೆ ಬಿಬಿಸಿ ಮೈಕ್ರೋ

ಮೊದಲು ಗೂಬೆಯ ವಿಷಯ ಹೇಳಿಬಿಡುತ್ತೇನೆ. ಈ ಕಂಪ್ಯೂಟರಿನ ಕೀಬೋರ್ಡಿನ ಮೇಲ್ಗಡೆ ಬಿಬಿಸಿ ಅನ್ನುವ ಹೆಸರಿನ ಜೊತೆ ಒಂದು ಗೂಬೆಯ ಗುರುತು ಇದೆ. ಬರೀ ಚುಕ್ಕಿಗಳಲ್ಲಿ ಮಾಡಿದ ಗೂಬೆ. ರಂಗೋಲಿಗೆ ಚುಕ್ಕಿ ಇಟ್ಟು ಗೆರೆ ಎಳೆಯುವುದನ್ನೇ ಮರೆತ ಹಾಗೆ ಕಾಣುತ್ತದೆ. ಇಂಗ್ಲೆಂಡಿನವರಿಗೆ ಗೂಬೆ ಅಂದರೆ ಜಾಣತನ. ನಮಗೆ ಏನು ಅಂತ ನಿಮಗೆ ಗೊತ್ತೇ ಇದೆ.

1986ರಲ್ಲಿ ಹಾಸನ ಜಿಲ್ಲೆಯ ಒಂದು ಹೈಸ್ಕೂಲಿನಲ್ಲಿ ನಾನು ಗಣಿತದ ಮೇಷ್ಟ್ರು. ಎರಡು ಪೆಟ್ಟಿಗೆ ಬಂದವು. ಬಿಚ್ಚಿದ ತಕ್ಷಣ ನಮ್ಮ ಹೆಡ್ಮಾಸ್ತರರ ಕಣ್ಣಿಗೆ ಬಿದ್ದದ್ದು ಕೀಲಿಗಳೂ ಅಲ್ಲ, ತೆರೆಯೂ ಅಲ್ಲ. ಗೂಬೆ. "ಸರಸ್ವತಿ ಇರೋ ಜಾಗಕ್ಕೆ ಇದನ್ನ ಯಾಕ್ರೀ ತಂದ್ರಿ?" ಅಂದರು. ಮಾರನೇ ದಿನ ಊದಿನಕಡ್ಡಿ ಪೊಟ್ಟಣದಿಂದ ಒಂದು ಸರಸ್ವತಿ ಚಿತ್ರ ಕತ್ತರಿಸಿ, ಗೋಂದು ಹಚ್ಚಿ, ಎರಡು ಕಂಪ್ಯೂಟರಿನಲ್ಲೂ ಗೂಬೆಯ ಮೇಲೆ ಅಂಟಿಸಿದೆವು. ಆ ವರ್ಷ ಗಣಿತದಲ್ಲಿ ಫೇಲಾದವರು ಸ್ವಲ್ಪ ಜಾಸ್ತಿಯಾದರು. ಎಲ್ಲರೂ ಕಂಪ್ಯೂಟರ್ ಮೇಲೆ ಗೂಬೆ ಕೂರಿಸಿದರು. ಪಾಪ, ಅದರ ಮೇಲೆ ಮೊದಲೇ ಒಂದು ಕೂತಿತ್ತು.

ಈಗ ಅದೇ ಮಾದರಿಯ ಯಂತ್ರ ನನ್ನ ಮನೆಯ ಊಟದ ಮೇಜಿನ ಮೇಲಿದೆ. ಬಿಬಿಸಿ ಮೈಕ್ರೋ, ಮಾಡೆಲ್ ಬಿ. ಎಂಟು ತಿಂಗಳು ಬಳಸಿ ಬರೆಯುತ್ತಿರುವ ವಿಮರ್ಶೆ ಇದು. ಮೇಷ್ಟ್ರ ಚಾಳಿ, ಅಲ್ಲಲ್ಲಿ ಅಂಕವನ್ನೂ ಕೊಡುತ್ತೇನೆ.

ಹೊಸಬರಿಗಾಗಿ ಸ್ವಲ್ಪ ಹಿನ್ನೆಲೆ. ಬ್ರಿಟನ್ನಿನ ಬಿಬಿಸಿಯವರು ಟಿವಿಯಲ್ಲಿ ಕಂಪ್ಯೂಟರ್ ಪಾಠ ಮಾಡಲು ಹೊರಟಾಗ, ಪಾಠದ ಜೊತೆಗೆ ಒಂದು ಯಂತ್ರವೂ ಬೇಕಾಯಿತು. ಕೇಂಬ್ರಿಜ್‌ನ ಏಕಾರ್ನ್ ಕಂಪನಿ ಅದನ್ನು ಮಾಡಿಕೊಟ್ಟಿತು. ಹೊರಬಂದದ್ದು 1981ರ ಡಿಸೆಂಬರಿನಲ್ಲಿ. 6502 ಪ್ರೊಸೆಸರ್, ವೇಗ 2 ಮೆಗಾಹರ್ಟ್ಸ್, ಮಾಡೆಲ್ ಬಿಗೆ 32 ಕೆಬಿ ನೆನಪು. ಬೆಲೆ ಮೊದಲು 335 ಪೌಂಡ್, ಸ್ವಲ್ಪ ದಿನದಲ್ಲೇ 399 ಆಯಿತು. ಅಲ್ಲಿನ ಸರ್ಕಾರ ಶಾಲೆಗಳಿಗೆ ಅರ್ಧ ದುಡ್ಡು ಕೊಟ್ಟಿತು, ಹಾಗಾಗಿ ಶಾಲೆ ಶಾಲೆಗೂ ಹೋಯಿತು. ಒಟ್ಟು 15 ಲಕ್ಷಕ್ಕೂ ಜಾಸ್ತಿ ಮಾರಾಟವಾದವು.

ಇಲ್ಲಿಗೆ ಬಂದದ್ದು ಶಾಲೆಗಳಲ್ಲಿ ಕಂಪ್ಯೂಟರ್ ಕಲಿಸುವ ಕ್ಲಾಸ್ ಯೋಜನೆಯಿಂದ. ಕೇಂದ್ರ ಸರ್ಕಾರ 1984ರಲ್ಲಿ ದೇಶದ ಸುಮಾರು 250 ಶಾಲೆಗಳಲ್ಲಿ ಶುರು ಮಾಡಿ, ಆಮೇಲೆ ವರ್ಷ ವರ್ಷ ಶಾಲೆಗಳನ್ನು ಸೇರಿಸುತ್ತಾ ಹೋಯಿತು. ಮೊಹಾಲಿಯ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ ಲಿಮಿಟೆಡ್ ಇದನ್ನೇ ಏಕಾರ್ನ್‌ನಿಂದ ಪರವಾನಗಿ ಪಡೆದು ಯೂನಿಕಾರ್ನ್ ಅನ್ನುವ ಹೆಸರಿನಲ್ಲಿ ತಯಾರಿಸಿತು. ನಿಮ್ಮ ಶಾಲೆಯ ಉಗ್ರಾಣದಲ್ಲಿ ಯೂನಿಕಾರ್ನ್ ಅಂತ ಬರೆದ ದೂಳು ಹಿಡಿದ ಪೆಟ್ಟಿಗೆ ಕಂಡರೆ ಗುಜರಿಗೆ ಹಾಕಬೇಡಿ. ಒಳಗಿರುವುದು ಇದೇ.

ನನಗೆ ಮತ್ತೆ ಸಿಕ್ಕಿದ್ದು ಮಗಳಿಂದ. ಅವಳು ಇಂಗ್ಲೆಂಡಿನಲ್ಲಿದ್ದಾಳೆ. ಹೋದ ವರ್ಷ ಅಲ್ಲಿಗೆ ಹೋಗಿದ್ದಾಗ ಕೇಂಬ್ರಿಜ್‌ನ ಕಂಪ್ಯೂಟರ್ ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋದಳು. ಅಲ್ಲಿ ಎಂಬತ್ತರ ದಶಕದ ತರಗತಿಯ ಹಾಗೆ ಒಂದು ಕೋಣೆ ಜೋಡಿಸಿ, ಸಾಲಾಗಿ ಬಿಬಿಸಿ ಮೈಕ್ರೋಗಳನ್ನು ಇಟ್ಟಿದ್ದಾರೆ. ಮುಟ್ಟಬಹುದು, ಟೈಪ್ ಮಾಡಬಹುದು. ನಮ್ಮ ಶಾಲೆಯಲ್ಲಿ ಚಪ್ಪಲಿ ಬಿಟ್ಟು ಒಳಗೆ ಬರಬೇಕಿತ್ತು, ಇಲ್ಲಿ ಬೂಟು ಹಾಕಿಕೊಂಡೇ ಕೂತೆ. ಅರ್ಧ ಗಂಟೆ ಆದ ಮೇಲೆ ಮಗಳು ಹಿಂದಿನಿಂದ ಬಂದು "ಅಪ್ಪಾ, ಚಿಕ್ಕ ಮಕ್ಕಳು ಕಾಯ್ತಾ ಇದಾರೆ" ಅಂದಳು. ಮುಂದಿನ ಸಲ ಅವಳು ಊರಿಗೆ ಬಂದಾಗ ಸೂಟ್‌ಕೇಸಿನಲ್ಲಿ ಸೀರೆಗಳ ನಡುವೆ ಒಂದು ಬಿಬಿಸಿ ಮೈಕ್ರೋ ಇತ್ತು. ಸೆಕೆಂಡ್‌ಹ್ಯಾಂಡ್, 140 ಪೌಂಡ್ ಅಂತೆ. ಅವಳಮ್ಮನಿಗೆ ಇನ್ನೂ ಬೆಲೆ ಗೊತ್ತಿಲ್ಲ.

ಸ್ವಿಚ್ ಹಾಕುವ ಮೊದಲು ಒಂದು ಕೆಲಸ ಮಾಡಿಸಿ, ಇದು ಮುಖ್ಯ. ಇಷ್ಟು ಹಳೆಯ ಯಂತ್ರಗಳ ಪವರ್ ಸಪ್ಲೈ ಒಳಗೆ ಮೇನ್ಸ್ ಕಡೆಗೆ ಒಂದೆರಡು ಫಿಲ್ಟರ್ ಕೆಪಾಸಿಟರ್ ಇರುತ್ತವೆ. ಜೇನುಬಣ್ಣದ ಗಾಜಿನಂಥ ಹೊದಿಕೆ. ಕಾಲ ಕಳೆದಂತೆ ಆ ಹೊದಿಕೆ ಸೀಳು ಬಿಟ್ಟು ತೇವ ಎಳೆದುಕೊಳ್ಳುತ್ತದೆ. ಆಮೇಲೆ ಕರೆಂಟು ಕೊಟ್ಟರೆ ಒಂದು ದಿನ ಢಬ್ ಅಂತ ಹೊಗೆ. ಕಂಪ್ಯೂಟರಿಗೆ ಸಾಮಾನ್ಯವಾಗಿ ಏನೂ ಆಗಲ್ಲ, ಆದರೆ ಮನೆಯ ವಾಸನೆ ಎರಡು ದಿನ ಹೋಗಲ್ಲ. ನಮ್ಮೂರಿನಲ್ಲಿ ಟಿವಿ ರಿಪೇರಿ ಮಾಡುವವರ ಹತ್ತಿರ ಕೊಟ್ಟು ಎರಡನ್ನೂ ಬದಲಾಯಿಸಿಕೊಂಡೆ. ಬಿಚ್ಚಿದ ಹಳೆಯದನ್ನು ಅವರು ಬೆಳಕಿಗೆ ಹಿಡಿದು ತೋರಿಸಿದರು. ಬೇಸಿಗೆಯಲ್ಲಿ ಕೆರೆಯ ತಳ ಬಿರಿದ ಹಾಗೆ ಸಣ್ಣ ಸಣ್ಣ ಸೀಳು. ಬಿಡಿಭಾಗಕ್ಕಿಂತ ಕೂಲಿಯೇ ಜಾಸ್ತಿಯಾಯಿತು. ಕೊಡಬೇಕಾದದ್ದೇ.

ಟಿವಿಗೆ ಜೋಡಿಸುವುದು ಎರಡನೇ ತಲೆನೋವು. ಆಂಟೆನಾ ಸಾಕೆಟ್ಟಿಗೆ ಹೋಗುವ ದಾರಿ ಈಗಿನ ಟಿವಿಯಲ್ಲಿ ಪರದಾಟ. ಇನ್ನೊಂದು ವಿಡಿಯೋ ಸಾಕೆಟ್ ಇದೆ, ಅದಕ್ಕೆ ಹಾಕಿದರೆ ಚಿತ್ರ ಬರುತ್ತದೆ, ಆದರೆ ಕಪ್ಪುಬಿಳುಪು. ನಾನು ಎರಡು ದಿನ ಟಿವಿಯನ್ನೇ ಬೈದೆ. ಆಮೇಲೆ ಗೊತ್ತಾಯಿತು, ಬೋರ್ಡಿನ ಮೇಲೆ ಒಂದು ಸಣ್ಣ ಕೊಂಡಿ ಸೇರಿಸದಿದ್ದರೆ ಆ ಸಾಕೆಟ್ಟಿನಲ್ಲಿ ಬಣ್ಣ ಬರುವುದಿಲ್ಲ, ಅದನ್ನು ಮಾಡಿದ್ದೇ ಹಾಗೆ. ಕೊನೆಗೆ ಆರ್‌ಜಿಬಿ ಸಾಕೆಟ್ಟಿನಿಂದ ಎಚ್‌ಡಿಎಂಐಗೆ ಬದಲಿಸುವ ಒಂದು ಪುಟ್ಟ ಬೋರ್ಡ್ ತರಿಸಿಕೊಂಡೆ. ಈಗ ಅಕ್ಷರ ಚೊಕ್ಕಟವಾಗಿ ಕಾಣುತ್ತದೆ. ಒಂದು ನೆನಪಿಡಿ, ಟಿವಿಯನ್ನು 4:3 ಅಳತೆಗೆ ಇಡಿ. ಇಲ್ಲದಿದ್ದರೆ ನೀವು ಬರೆದ ವೃತ್ತ ಕೋಳಿಮೊಟ್ಟೆ ಆಗುತ್ತದೆ.

ಸ್ವಿಚ್ ಹಿಂದುಗಡೆ ಇದೆ. ಹಾಕಿದ ತಕ್ಷಣ ಎರಡು ಸದ್ದು. ಮೊದಲು ದಪ್ಪ ದನಿ, ಆಮೇಲೆ ಸಣ್ಣ ದನಿ. ತೆರೆಯ ಮೇಲೆ 'ಬಿಬಿಸಿ ಕಂಪ್ಯೂಟರ್ 32ಕೆ', ಕೆಳಗೆ ಪ್ರೋಗ್ರಾಂ ಬರೆಯುವ ಭಾಷೆಯ ಹೆಸರು 'ಬೇಸಿಕ್', ಅದರ ಕೆಳಗೆ ಒಂದು ಬಾಣದ ತುದಿ. ಅಷ್ಟೇ. ನನ್ನ ಫೋನು ಶುರುವಾಗುವಷ್ಟರಲ್ಲಿ ಕಾಫಿ ಕುಡಿಯಬಹುದು, ಇದಕ್ಕೆ ಒಂದು ಸೀನು ಸೀನುವಷ್ಟೂ ಹೊತ್ತು ಬೇಡ. ಲಾಗಿನ್ ಇಲ್ಲ, ಅಪ್‌ಡೇಟ್ ಇಲ್ಲ. ಏನು ಮಾಡಲಿ ಹೇಳು ಅಂತ ಕಾಯುತ್ತಾ ಕೂರುತ್ತದೆ. ಈ ಒಂದು ವಿಷಯಕ್ಕೆ ಹತ್ತಕ್ಕೆ ಹತ್ತು.

ಕೀಬೋರ್ಡಿಗೆ ಇಪ್ಪತ್ತಕ್ಕೆ ಹದಿನೆಂಟು. ಅಗ್ಗದ ಕಂಪ್ಯೂಟರುಗಳಿಗೆ ಆ ಕಾಲದಲ್ಲಿ ರಬ್ಬರ್ ಕೀಲಿ ಹಾಕುತ್ತಿದ್ದರು, ಒತ್ತಿದರೆ ಹಲಸಿನ ತೊಳೆ ಒತ್ತಿದ ಹಾಗೆ. ಇದರದ್ದು ನಿಜವಾದ ಟೈಪ್‌ರೈಟರ್ ಕೀಲಿ. ಮೇಲೆ ಹತ್ತು ಕೆಂಪು ಫಂಕ್ಷನ್ ಕೀಲಿ. ಆಯುಧಪೂಜೆಗೆ ನಮ್ಮ ಜವಾನ ಕೆಂಪು ಕೀಲಿ ಬಿಟ್ಟು ಉಳಿದ ಎಲ್ಲಕ್ಕೂ ಕುಂಕುಮ ಇಟ್ಟಿದ್ದ. ಕೆಂಪಿಗೆ ಯಾಕಿಲ್ಲ ಅಂದರೆ, "ಅವಕ್ಕೆ ಕಂಪನಿಯವರೇ ಇಟ್ಟು ಕಳಿಸವ್ರೆ ಸಾ" ಅಂದ. ಆ ಕುಂಕುಮ ತೆಗೆಯಲು ಸ್ಪಿರಿಟ್ ಮತ್ತು ಹಳೆಯ ಟೂತ್‌ಬ್ರಶ್ ಹಿಡಿದು ಒಂದು ಶನಿವಾರ ಪೂರ್ತಿ ಕೂತಿದ್ದೆ. ಎರಡು ಅಂಕ ಕಳೆದದ್ದು ಬ್ರೇಕ್ ಕೀಲಿಗೆ. ಕೆಂಪು ಸಾಲಿನ ಕೊನೆಯಲ್ಲೇ ಅದನ್ನು ಇಟ್ಟಿದ್ದಾರೆ. ಕೈ ಜಾರಿದರೆ ನಿಮ್ಮ ಪ್ರೋಗ್ರಾಂ ಮಾಯ. ಆದರೆ ಬೇರೆ ಏನನ್ನೂ ಟೈಪ್ ಮಾಡದೆ ತಕ್ಷಣ 'ಓಲ್ಡ್' ಅಂತ ಹೊಡೆದರೆ ಅದು ವಾಪಸ್ ಬರುತ್ತದೆ. ಇದು ಗೊತ್ತಿಲ್ಲದೆ ಮೊದಲ ತಿಂಗಳು ನಾಲ್ಕೈದು ಹುಡುಗರು ಅತ್ತಿದ್ದಾರೆ.

ಮೂರರ ಮೇಲೆ ಪೌಂಡ್ ಇರಬಹುದು ಅಂತ ಹುಡುಕಬೇಡಿ, ಅದಕ್ಕೆ ಬೇರೆಯೇ ಕೀಲಿ ಇದೆ. ನಮ್ಮ ಮಕ್ಕಳಿಗೆ ಬಡ್ಡಿ ಲೆಕ್ಕದ ಪ್ರೋಗ್ರಾಂ ಬರೆಸುವಾಗ ಒಬ್ಬಳು ಅಸಲಿನ ಮುಂದೆ ಪೌಂಡ್ ಗುರುತು ಹಾಕಿ, "ಸುಮ್ನೆ ಸಾರ್, ಹಾಗಿದ್ರೆ ಬಡ್ಡಿ ಜಾಸ್ತಿ ಬರುತ್ತೆ" ಅಂದಿದ್ದಳು.

ಗಣಿತದ ಮೇಷ್ಟ್ರಾಗಿ ನಾನು ಸೋತದ್ದು ಇದರ ಚಿತ್ರಕ್ಕೆ. ಸಾಮಾನ್ಯವಾಗಿ ಕಂಪ್ಯೂಟರುಗಳಲ್ಲಿ ಮೂಲಬಿಂದು ತೆರೆಯ ಎಡ ಮೇಲ್ಮೂಲೆಯಲ್ಲಿ. ಕೆಳಗೆ ಹೋದಷ್ಟೂ ವೈ ಬೆಳೆಯುತ್ತದೆ. ಗ್ರಾಫ್ ಹಾಳೆಯಲ್ಲಿ ಕಲಿತ ಮಗುವಿಗೆ ಇದು ತಲೆಕೆಳಗು. ಬಿಬಿಸಿ ಮೈಕ್ರೋದಲ್ಲಿ ಮೂಲಬಿಂದು ಎಡ ಕೆಳಮೂಲೆಯಲ್ಲಿ, ನಮ್ಮ ಗ್ರಾಫಿನ ಹಾಗೇ. ಅಡ್ಡ 1280, ಉದ್ದ 1024, ಚಿತ್ರ ಬರೆಯಲು ಬರುವ ಯಾವ ಮೋಡ್ (ಅಂದರೆ ತೆರೆಯ ಬಗೆ) ಹಾಕಿದರೂ ಅದೇ ಅಳತೆ. ನಡುಮಧ್ಯ 640, 512.

ಇನ್ನೊಂದು, ಇದರಲ್ಲಿ ವೃತ್ತ ಬರೆಯುವ ಆಜ್ಞೆಯೇ ಇಲ್ಲ. ಇದನ್ನು ದೋಷ ಅನ್ನುವವರಿದ್ದಾರೆ. ನನಗೆ ಅದು ವರ. ವೃತ್ತ ಬೇಕಾದರೆ ಕಾಸ್, ಸೈನ್ ಹಾಕಿ ನೀವೇ ಗೆರೆ ಎಳೆಯಬೇಕು. ಮಧ್ಯಬಿಂದುವಿಗೆ 400 ಸಲ ಕಾಸ್ ಕೂಡಿಸಿದರೆ ಎಕ್ಸ್, 400 ಸಲ ಸೈನ್ ಕೂಡಿಸಿದರೆ ವೈ. ಕೋನ 0ಯಿಂದ 360ರವರೆಗೆ, ಐದೈದು ಡಿಗ್ರಿ ಹೆಜ್ಜೆ. ಗೆರೆ ನಿಧಾನಕ್ಕೆ ಸುತ್ತಿ ಬರುವುದು ಕಣ್ಣಿಗೆ ಕಾಣುತ್ತದೆ. ಈಗಿನ ಕಂಪ್ಯೂಟರಿನಲ್ಲಿ ಚಕ್ ಅಂತ ಮುಗಿದುಹೋಗುವುದು ಇಲ್ಲಿ ಪಾಠ ಮಾಡುವಷ್ಟು ನಿಧಾನಕ್ಕೆ ನಡೆಯುತ್ತದೆ. ಹೆಜ್ಜೆಯನ್ನು 60 ಮಾಡಿ, ಷಡ್ಭುಜ. 120 ಮಾಡಿ, ತ್ರಿಕೋನ. ಒಬ್ಬ ಹುಡುಗ 144 ಹಾಕಿ, ಗೆರೆ ಅರ್ಧಕ್ಕೆ ನಿಂತಾಗ ತಾನೇ 360 ಅನ್ನು ಅಳಿಸಿ 720 ಮಾಡಿದ. ತೆರೆಯ ಮೇಲೆ ಐದು ಮೂಲೆಯ ನಕ್ಷತ್ರ ಕೂತಿತು. ಅವನು ಏನೂ ಮಾತಾಡಲಿಲ್ಲ. ಬೆರಳಿನಿಂದ ತೆರೆಯ ಮೇಲೆ ಗೆರೆಯನ್ನು ಒಂದು ಸಲ ಸುತ್ತಿದ. ಅಲ್ಲಿಯವರೆಗೆ ಆ ತರಗತಿಗೆ ತ್ರಿಕೋನಮಿತಿ ಅಂದರೆ ಬಾಯಿಪಾಠದ ಕೋಷ್ಟಕ.

ಬೇಸಿಕ್ ಭಾಷೆಗೂ ಒಳ್ಳೆಯ ಅಂಕ. ಬರೆದವರು ಸೋಫಿ ವಿಲ್ಸನ್. ಉದ್ದ ಹೆಸರು ಇಡಬಹುದು, ಪ್ರೋಗ್ರಾಮನ್ನು ತುಂಡು ತುಂಡಾಗಿ ಬರೆದು ಹೆಸರಿನಿಂದ ಕರೆಯಬಹುದು. ಸಾಲಿನಿಂದ ಸಾಲಿಗೆ ಕುಪ್ಪಳಿಸುವ ಕೆಟ್ಟ ಅಭ್ಯಾಸ ಮಕ್ಕಳಿಗೆ ಅಂಟಲಿಲ್ಲ. ತಪ್ಪು ಹೊಡೆದರೆ ಉದ್ದ ಭಾಷಣವಿಲ್ಲ, 'ಮಿಸ್ಟೇಕ್' ಅನ್ನುತ್ತದೆ. ಸಾಲಿನ ನಂಬರುಗಳನ್ನು ಮತ್ತೆ ಜೋಡಿಸುವಾಗ ಅಂತರ ಸೊನ್ನೆ ಅಂತ ಕೊಟ್ಟರೆ 'ಸಿಲ್ಲಿ' ಅನ್ನುತ್ತದೆ. ಮಕ್ಕಳ ಎದುರಿಗೆ ನನಗೇ ಹಾಗಂದಿತು. ಆ ಪದದ ಅರ್ಥ ಹೇಳಿಕೊಡುವ ತನಕ ಬಿಡಲಿಲ್ಲ ಅವರು.

ಇದೇ ವಿಲ್ಸನ್, ಈ ಯಂತ್ರವನ್ನು ರೂಪಿಸಿದವರಲ್ಲಿ ಒಬ್ಬರಾದ ಸ್ಟೀವ್ ಫರ್ಬರ್ ಜೊತೆ ಸೇರಿ ಮುಂದೆ ಎಆರ್‌ಎಂ ಪ್ರೊಸೆಸರ್ ಮಾಡಿದರು. ಅದು ಹೇಗೆ ನಡೆಯಬಹುದು ಅಂತ ಮೊದಲು ಬಿಬಿಸಿ ಬೇಸಿಕ್‌ನಲ್ಲೇ ಬರೆದು ನೋಡಿದ್ದರು. ಮೊದಲ ಚಿಪ್ 1985ರ ಏಪ್ರಿಲ್ 26ರಂದು ಓಡಿತು, ಅದೂ ಒಂದು ಬಿಬಿಸಿ ಮೈಕ್ರೋಗೆ ತಗುಲಿಸಿಕೊಂಡು. ನೀವು ಇದನ್ನು ಫೋನಿನಲ್ಲಿ ಓದುತ್ತಿದ್ದರೆ ಅದರೊಳಗಿರುವುದು ಆ ಮನೆತನದ್ದೇ.

ಇನ್ನು ಕನ್ನಡ. ಇದರಲ್ಲಿ ಕನ್ನಡ ಇರಲಿಲ್ಲ, ಪುಸ್ತಕ ಪೂರ್ತಿ ಇಂಗ್ಲಿಷು, ಜೊತೆಗೆ ಬಂದ ಪ್ರೋಗ್ರಾಮುಗಳು ಅಲ್ಲಿನ ಮಕ್ಕಳಿಗೆ ಬರೆದವು. ನಮ್ಮದು ಕನ್ನಡ ಮಾಧ್ಯಮ. ಆದರೆ ಒಂದು ಬಾಗಿಲು ತೆರೆದಿತ್ತು. 'ವಿಡಿಯು 23' ಅನ್ನುವ ಆಜ್ಞೆಯಿಂದ ನಮಗೆ ಬೇಕಾದ ಅಕ್ಷರವನ್ನು ನಾವೇ ಕೊರೆಯಬಹುದು. ಎಂಟು ಸಾಲು, ಸಾಲಿಗೆ ಎಂಟು ಮನೆ. ಚೌಕಳಿ ಪುಸ್ತಕದಲ್ಲಿ ಮನೆ ತುಂಬಿ, ಪ್ರತಿ ಸಾಲಿನ ಮೊತ್ತ ಲೆಕ್ಕ ಹಾಕಬೇಕು. ಬಲಗಡೆಯ ಮನೆಗೆ 1, ಆಮೇಲೆ 2, 4, 8, ಹೀಗೆ ಎಡಗಡೆಗೆ 128.

ಎಲ್ಲರೂ ತಂತಮ್ಮ ಹೆಸರಿನ ಅಕ್ಷರಕ್ಕೆ ಕೈ ಹಾಕಿದರು. ಚೆನ್ನಾಗಿ ಮೂಡಿದ್ದು ಮಾತ್ರ ಠ. ಒಂದು ಸುತ್ತು, ನಡುವೆ ಒಂದು ಚುಕ್ಕೆ, ಮೇಲೊಂದು ತಲೆಕಟ್ಟು. ಇವತ್ತಿಗೂ ನನಗೆ ಬಾಯಿಪಾಠ: ವಿಡಿಯು 23, 224, 6, 124, 60, 66, 153, 153, 66, 60. ಮೊದಲೆರಡು ಸಾಲು ತಲೆಕಟ್ಟು, ಎರಡು 153 ನಡುವಿನ ಚುಕ್ಕೆ. ಆದರೆ ತರಗತಿಯಲ್ಲಿ ಯಾರ ಹೆಸರಿನಲ್ಲೂ ಠ ಇಲ್ಲ! ಮಠ, ಪಾಠ, ಕಂಠ, ಅಷ್ಟರಲ್ಲೇ ತೃಪ್ತಿಪಟ್ಟುಕೊಂಡೆವು. ಕ್ಷ ಬರೆಯಲು ಹೋದವಳು ಎಂಟು ಮನೆಯಲ್ಲಿ ಎರಡು ಅಕ್ಷರ ತುರುಕಲಾಗದೆ, ಪಕ್ಕಪಕ್ಕ ಎರಡು ಚೌಕ ಸೇರಿಸಿ ಗೆದ್ದಳು. ಇನ್ನೊಂದು ಸಂಕಟ ಇತ್ತು. ಸ್ವಂತ ಅಕ್ಷರಕ್ಕೆ ಮೀಸಲಿಟ್ಟ ಜಾಗ 224ರಿಂದ 255ರವರೆಗೆ, ಅಂದರೆ 32. ನಮ್ಮ ವರ್ಣಮಾಲೆ 49. ಕಾಗುಣಿತ, ಒತ್ತಕ್ಷರ ಆಮೇಲಿನ ಮಾತು. ಯಾವ 17 ಅಕ್ಷರ ಬಿಡುವುದು ಅಂತ ಒಂದು ಪೀರಿಯಡ್ ಪೂರ್ತಿ ಜಗಳ. ಙ, ಞ ಬಿಡಲು ಯಾರದೂ ತಕರಾರಿಲ್ಲ. ಋ ಬಿಡೋಣ ಅಂದಾಗ ಕನ್ನಡ ಪಂಡಿತರು ಬಾಗಿಲಲ್ಲಿ ನಿಂತಿದ್ದರು. ಉಳಿಯಿತು.

ಕೊರೆದ ಅಕ್ಷರ ಮೋಡ್ 7ರಲ್ಲಿ ಕಾಣುವುದಿಲ್ಲ, ಅಲ್ಲಿ ಅಕ್ಷರ ಬಿಡಿಸುವುದೇ ಬೇರೆ ಚಿಪ್ಪು. ಯಂತ್ರ ಶುರುವಾಗುವುದು ಮೋಡ್ 7ರಲ್ಲೇ. ಹಾಗಾಗಿ ಮೊದಲು ಮೋಡ್ ಬದಲಾಯಿಸಿ, ಆಮೇಲೆ ಬರೆಯಿರಿ.

ಮೋಡ್ ಬದಲಾಯಿಸಿದರೆ ನೆನಪಿನ ಶಕ್ತಿ ಖಾಲಿ. ಇದು ಇದರ ದೊಡ್ಡ ದೋಷ, ಇಲ್ಲಿ ನಾನು ಧಾರಾಳವಾಗಿ ಅಂಕ ಕಳೆಯುತ್ತೇನೆ. ನಾಲ್ಕು ಬಣ್ಣದ ಮೋಡ್ 1 ತೆರೆಗೇ 20 ಕೆಬಿ ನುಂಗುತ್ತದೆ. ಯಂತ್ರದ ಸ್ವಂತ ಖರ್ಚು ಕಳೆದು ನಿಮ್ಮ ಪ್ರೋಗ್ರಾಮಿಗೆ ಉಳಿಯುವುದು ಎಂಟೂವರೆ ಕೆಬಿ. ಫ್ಲಾಪಿ ಜೋಡಿಸಿದ್ದರೆ ಆರಕ್ಕೂ ಕಡಿಮೆ. ಬೆಳಗ್ಗೆ ಎದ್ದರೆ ಫೋನಿಗೆ ಬರುವ ಗುಲಾಬಿ ಹೂವಿನ ಶುಭೋದಯ ಒಂದೂ ಇದರಲ್ಲಿ ಹಿಡಿಸಲ್ಲ. ಒಂದು ಲೆಕ್ಕಕ್ಕೆ ಒಳ್ಳೆಯದೇ ಅನ್ನಿ.

ಶಬ್ದಕ್ಕೂ ಒಂದು ದೂರು. ಒಳಗಿನ ಸ್ಪೀಕರಿಗೆ ಹೊರಗಿನಿಂದ ತಿರುಗಿಸುವ ವಾಲ್ಯೂಮ್ ಗುಂಡಿಯೇ ಇಲ್ಲ. ಮಧ್ಯಾಹ್ನ ಮನೆಯವರು ಮಲಗಿದ್ದಾಗ ಬಳಸಬೇಡಿ. ಅನುಭವದ ಮಾತು.

ಉಳಿಸಿಕೊಳ್ಳುವ ಕೆಲಸ ಆಗ ಕ್ಯಾಸೆಟ್ಟಿನಲ್ಲಿ. 'ಸೇವ್' ಕೊಟ್ಟರೆ ರೆಕಾರ್ಡ್ ಒತ್ತಿ, ಆಮೇಲೆ ರಿಟರ್ನ್ ಒತ್ತು ಅನ್ನುತ್ತದೆ. ಒಳಗೆ ಟಕ್ ಅಂತ ರಿಲೇ ಬಡಿಯುತ್ತದೆ, ಕೀಬೋರ್ಡಿನ ಎಡಗಡೆ ಒಂದು ಕೆಂಪು ದೀಪ, ಟೇಪ್ ತಾನೇ ಸುತ್ತಲು ಶುರು. ಸೆಕೆಂಡಿಗೆ ನೂರು ಅಕ್ಷರದ ಆಸುಪಾಸು. ನಮ್ಮ ಶಾಲೆಗೆ ಖಾಲಿ ಕ್ಯಾಸೆಟ್ಟಿಗೆ ದುಡ್ಡು ಮಂಜೂರಾಗಿರಲಿಲ್ಲ. ಒಬ್ಬ ಹುಡುಗ ಮನೆಯಿಂದ ಅವರಪ್ಪನ ಹರಿಕಥೆ ಕ್ಯಾಸೆಟ್ ತಂದ. ಅಳಿಸದಿರಲಿ ಅಂತ ಮುರಿದಿದ್ದ ತೂತಿಗೆ ಕಾಗದದ ಉಂಡೆ ತುರುಕಿ ನಾವು ನಕ್ಷತ್ರದ ಪ್ರೋಗ್ರಾಂ ಉಳಿಸಿದೆವು. ವಾರದ ಮೇಲೆ ಅವರಪ್ಪ ಶಾಲೆಗೆ ಬಂದರು. ದಾಸರು ಹಾಡುತ್ತಾ ಹಾಡುತ್ತಾ ದ್ರೌಪದಿಯ ಸೆರಗಿಗೆ ದುಶ್ಶಾಸನ ಕೈ ಹಾಕುವ ಹೊತ್ತಿಗೆ ಕೀಂ ಅಂತ ಜೀರುಂಡೆ ಕೂಗು, ಅದು ನಿಲ್ಲುವಷ್ಟರಲ್ಲಿ ಕೃಷ್ಣ ಬಂದು ಹೋಗಿದ್ದ.

ಈಗ ಆ ಪಾಡಿಲ್ಲ. ಎಸ್‌ಡಿ ಕಾರ್ಡ್ ಹಾಕುವ ಸಣ್ಣ ಅಡಾಪ್ಟರ್ ಸಿಗುತ್ತದೆ, ಯೂಸರ್ ಪೋರ್ಟಿಗೆ ತಗುಲಿಸಿ, ಒಳಗೆ ಒಂದು ರೋಮ್ ಚಿಪ್ಪು, ಅಂದರೆ ಪ್ರೋಗ್ರಾಂ ಅಳಿಸಿಹೋಗದೆ ಉಳಿಯುವ ಚಿಪ್ಪು, ಕೂರಿಸಬೇಕು. ಆ ಕಾಲದ ಅಷ್ಟೂ ಆಟ, ಪಾಠ ಒಂದೇ ಕಾರ್ಡಿನಲ್ಲಿ. 1984ರ ಎಲೈಟ್ ಆಟ ನಾನು ಮೊದಲ ಸಲ ಆಡಿದ್ದು ಈ ವರ್ಷ. ನಿವೃತ್ತಿಯಾದವರಿಗೆ ಅಪಾಯಕಾರಿ.

ಕೊಳ್ಳಬೇಕಾ? ದುಡ್ಡು ಹಾಕುವ ಮೊದಲು ಜೆಎಸ್‌ಬೀಬ್ ಅನ್ನುವುದನ್ನು ಬ್ರೌಸರಿನಲ್ಲಿ ತೆರೆದು ನೋಡಿ, ಪುಕ್ಕಟೆ. ಪೂರ್ತಿ ಬಿಬಿಸಿ ಮೈಕ್ರೋ ಅದರಲ್ಲೇ ಓಡುತ್ತದೆ. ಮೇಲೆ ಕೊಟ್ಟ ಠ ಅನ್ನು ಅಲ್ಲಿ ಮೋಡ್ 5 ಹಾಕಿ ಬರೆದು ನೋಡಿ, ದಪ್ಪಗೆ ಚೆನ್ನಾಗಿ ಕಾಣುತ್ತದೆ. ಅಷ್ಟರಲ್ಲೇ ಆಸೆ ತೀರಿದರೆ ದುಡ್ಡು ಉಳಿಯಿತು. ತೀರದಿದ್ದರೆ ಮಾಡೆಲ್ ಬಿಯನ್ನೇ ಕೊಳ್ಳಿ, 16 ಕೆಬಿಯ ಮಾಡೆಲ್ ಎ ಬೇಡ. ಪವರ್ ಸಪ್ಲೈ ಕೆಪಾಸಿಟರ್ ಬದಲಾಯಿಸಿದ್ದಾರಾ ಅಂತ ಕೇಳಿ. ಎಲ್ಲ ಕೀಲಿ ಒತ್ತಿ ನೋಡಿ.

ಹಳೆಯ ಶಾಲೆಯ ಆ ಎರಡು ಯಂತ್ರ ಏನಾದವು ಅಂತ ಕೇಳಿದ್ದೆ. ನಾನು ವರ್ಗವಾದ ಮೇಲೆ ಬೀಗ ಹಾಕಿ, ಹೊಲಿಸಿದ ಬಟ್ಟೆಯ ಹೊದಿಕೆ ಹೊದಿಸಿ ಇಟ್ಟರಂತೆ. ಹಾಳಾಗಬಾರದು ಅಂತ ಯಾರನ್ನೂ ಮುಟ್ಟಲು ಬಿಡಲಿಲ್ಲ. ಮುಟ್ಟದೇ ಹಾಳಾದವು. ನನ್ನದಕ್ಕೆ ಹೊದಿಕೆ ಇಲ್ಲ. ಗೂಬೆಯ ಮೇಲೂ ಏನೂ ಅಂಟಿಸಿಲ್ಲ.

ಮೊನ್ನೆ ಮೊಮ್ಮಗಳು ಬಂದಿದ್ದಳು, ಒಂಬತ್ತು ವರ್ಷ. ನಾನು ಒಂದು ಗಂಟೆ ಕೂತು ಟೈಪ್ ಮಾಡಿದ್ದ ನಕ್ಷತ್ರದ ಪ್ರೋಗ್ರಾಂ ತೆರೆಯ ಮೇಲಿತ್ತು. ಕೆಂಪು ಕೀಲಿಗಳ ಮೇಲೆ ಬೆರಳು ಓಡಿಸುತ್ತಾ ಬಂದು ಕೊನೆಯಲ್ಲಿ ಬ್ರೇಕ್ ಒತ್ತಿಬಿಟ್ಟಳು. ತೆರೆ ಖಾಲಿ. ಅವಳ ಮುಖವೂ ಖಾಲಿ. "ಏನೂ ಆಗಲ್ಲ, ಇರು" ಅಂತ ಮೂರಕ್ಷರ ಹೊಡೆದೆ, ಓಲ್ಡ್.

ಅವಳು ತೆರೆ ನೋಡಿ, ನನ್ನ ಮುಖ ನೋಡಿ ಕೇಳಿದಳು, "ಯಾರು ತಾತಾ? ನೀವಾ, ಅದಾ?"